ಇದ್ದಿಲು ಮಾತ್ರ ಒಳಗೆ ತರಬೇಡಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಡಾಲಸ್‌ಗೆ ಐಸ್ ಸ್ಟಾರ್ಮ್ ವಾರ್ನಿಂಗ್ ಬಂದಿದೆ, ಕರೆಂಟ್ ಹೋದರೆ ಮಗೂನ ಕರ್ಕೊಂಡು ರಾತ್ರೋರಾತ್ರಿ ಹ್ಯೂಸ್ಟನ್‌ಗೆ ಅಣ್ಣನ ಮನೆಗೆ ಹೊರಡೋದಾ, ಇಲ್ಲೇ ಇರೋದಾ ಅಂತ ಕೇಳಿದ್ದೀಯ. ಹೇಳ್ತೀನಿ ತಾಳು. ಅದಕ್ಕೆ ಮುಂಚೆ, ನಿಮ್ಮ ಮಾವ ಕೆಳಗೆ ಬರೆದಿದ್ದಾರಲ್ಲ, ಬಾರ್ಬೆಕ್ಯೂ ಗ್ರಿಲ್ ಒಳಗಿಟ್ಟರೆ ಅಗ್ಗಿಷ್ಟಿಕೆ ಥರ ಬೆಚ್ಚಗಿರುತ್ತೆ ಅಂತ, ಅದು ಬೇಡವೇ ಬೇಡ. ಇದ್ದಿಲು ಮನೆಯೊಳಗೆ ಬರಕೂಡದು.

2021ರ ಫೆಬ್ರವರೀಲಿ ದೊಡ್ಡವನ ಬೀದಿಯ ಮೂಲೆ ಮನೆಯವರು ಇದನ್ನೇ ಮಾಡಿದ್ದು. ಆ ವಾರ ಗೊತ್ತಲ್ಲ, ಡಾಲಸ್‌ನಲ್ಲಿ ಮೈನಸ್ 19 ಡಿಗ್ರಿ, ಟೆಕ್ಸಾಸ್‌ನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟಿಲ್ಲ, ಸರ್ಕಾರದ ಲೆಕ್ಕದಲ್ಲೇ 246 ಜನ ಹೋದರು. ಆ ಮನೆಯವರು ದಡ್ಡರಲ್ಲ. ಹಿತ್ತಲಲ್ಲಿ ಹೊತ್ತಿಸಿ, ಹೊಗೆ ಪೂರ್ತಿ ನಿಂತ ಮೇಲೆ ಬರೀ ಕೆಂಡ ಹಾಲ್‌ಗೆ ತಂದರು. ಹೊಗೆ ಇಲ್ಲ, ವಾಸನೆ ಇಲ್ಲ, ಇನ್ನೇನು ಭಯ ಅಂತ. ಬಾಗಿಲ ಸಂದಿಗೆಲ್ಲ ಟವೆಲ್ ಬೇರೆ ತುರುಕಿದ್ದರು. ಸ್ವಲ್ಪ ಹೊತ್ತಿಗೆ ಅಜ್ಜಿಗೆ ತಲೆನೋವು, ಚಿಕ್ಕವನಿಗೆ ವಾಂತಿ. ಚಳಿಗೆ ಆಗಿರಬೇಕು ಅಂತ ಕಂಬಳಿ ಹೊದೆಸಿ ಮಲಗಿಸಿದರು. ದೊಡ್ಡ ಹುಡುಗಿ ಬಾತ್‌ರೂಮಿಗೆ ಅಂತ ಎದ್ದವಳು ಅಲ್ಲೇ ಕುಸಿದಳು, ಆಗ ಬಾಗಿಲು ತೆಗೆದರು. ಆಸ್ಪತ್ರೇಲಿ ಆಕ್ಸಿಜನ್ ಹಾಕಿದ ಮೇಲೆ ಉಳಿದುಕೊಂಡರು.

ಕೆಂಡದಿಂದ ಬರೋದು ಕಾರ್ಬನ್ ಮೊನಾಕ್ಸೈಡ್. ಹೊಗೆ ನಿಂತ ಮೇಲೂ, ಕೆಂಡ ಬೂದಿಯಾಗೋವರೆಗೂ ಬರ್ತಾನೇ ಇರುತ್ತೆ. ರಕ್ತದಲ್ಲಿ ಆಕ್ಸಿಜನ್ ಕೂರೋ ಜಾಗ ಹಿಡಿಯುತ್ತೆ, ನಿದ್ದೆಯಲ್ಲಿರೋರು ಏಳೋದೇ ಇಲ್ಲ. ಊರಲ್ಲಿ ಬಾಣಂತಿ ಕೋಣೇಲಿ ಕೆಂಡ ಇಡ್ತಿರಲಿಲ್ವಾ ಅಂತೀರಿ. ಅದು ಹಂಚಿನ ಮನೆ, ಮಾಡಿನ ಸಂದಿಯಲ್ಲೆಲ್ಲ ಗಾಳಿ ಆಡೋದು. ಇಲ್ಲಿಯ ಮನೆ ಮುಚ್ಚಳ ಹಾಕಿದ ಡಬ್ಬ. ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಕಾಯಿಸೋದು, ಗರಾಜ್‌ನಲ್ಲಿ ಕಾರ್ ಸ್ಟಾರ್ಟ್ ಮಾಡಿ ಕೂರೋದು ಎಲ್ಲ ಅದೇ ಕಥೆ, ಗರಾಜ್ ಬಾಗಿಲು ತೆಗೆದಿದ್ದರೂ ಸರಿ. ಜನರೇಟರ್ ಇದ್ದೋರು ಕಿಟಕಿಯಿಂದ 20 ಅಡಿ ಆಚೆ ಇಡಿ. ಇನ್ನೊಂದ್ಸಲ ಹೇಳ್ತೀನಿ, ಇದ್ದಿಲು ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಬ್ಯಾಟರಿ ಹಾಕಿ. ಅದು ಕೂಗಿದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ 911.

ಮನೆ ಅಂದರೆ ಈ ಬಿಲ್ಡರ್‌ಗಳನ್ನ ಏನನ್ನಬೇಕೋ. ಇಷ್ಟು ದುಡ್ಡು ತಗೊಂಡು ನೀರಿನ ಪೈಪ್ ಅಟ್ಟದ ಮೇಲೆ ಎಳೀತಾರೆ, ಅಲ್ಲಿ ಹೊರಗಿನಷ್ಟೇ ಚಳಿ. ಕೀಲಿ ಕೊಡೋ ದಿನ ಗ್ರಾನೈಟ್ ತೋರಿಸ್ತಾರೆ, ಮೈನ್ ವಾಲ್ವ್ ತೋರಿಸೋಲ್ಲ. ನಮ್ಮ ಹುಡುಗರೂ ಹಾಗೇ, ಥಿಯೇಟರ್ ರೂಮಿಗೆ ಸ್ಪೀಕರ್ ಎಷ್ಟು ಅಂತ ಗೊತ್ತು, ನೀರು ಎಲ್ಲಿ ನಿಲ್ಲಿಸೋದು ಗೊತ್ತಿಲ್ಲ. ಕೇಳಿದರೆ ‘ಪ್ಲಂಬರ್ ಬರ್ತಾನೆ ಬಿಡಮ್ಮ’. ಆ ವಾರ ಯಾವ ಪ್ಲಂಬರ್ ಬಂದ? ಅಟ್ಟದ ಪೈಪ್ ಒಡೆದು ಸೀಲಿಂಗ್ ಕುಸಿದು ಹಾಸಿಗೆ ಮೇಲೆ ಬಿದ್ದರೂ ಫೋನ್ ಎತ್ತೋರಿರಲಿಲ್ಲ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟೆ. ಹೊರಡಬೇಡ. ಅದೇ 2021ರ ಫೆಬ್ರವರಿ 11ಕ್ಕೆ ಫೋರ್ಟ್ ವರ್ತ್‌ನಲ್ಲಿ ಹೈವೇ ಮೇಲೆ ಕಣ್ಣಿಗೆ ಕಾಣದ ಐಸ್‌ಗೆ 130ಕ್ಕೂ ಹೆಚ್ಚು ಗಾಡಿ ಒಂದಕ್ಕೊಂದು ಗುದ್ದಿ ಆರು ಜನ ಸತ್ತರು. ಎಲ್ಲರೂ ಒಂದೇ ರೂಮಲ್ಲಿ ಮಲಗಿ, ಮಗೂನ ಟೋಪಿ, ಸಾಕ್ಸ್, ಎರಡು ಪದರ ಬಟ್ಟೆಯಲ್ಲಿಡು. ತಲೆಗೆ ಇಷ್ಟು ಅಂತ ದಿನಕ್ಕೆ ನಾಲ್ಕು ಲೀಟರ್ ಕುಡಿಯೋ ನೀರು, ಮೂರು ದಿನಕ್ಕೆ ಈಗಲೇ ಹಿಡಿದಿಡು. ಫ್ಲಶ್‌ಗೆ ಬಾತ್‌ಟಬ್ ತುಂಬಿಸು, ಆದರೆ ಮಗು ಹೋಗದ ಹಾಗೆ ಆ ಬಾಗಿಲಿಗೆ ಬೀಗ.

ಹೊರಗಿನ ಹೋಸ್ ಬಿಚ್ಚು. ಮನೆಯೊಳಗೆ ಹೊರಗೋಡೆಗೆ ಅಂಟಿದ ನಲ್ಲಿಗಳಲ್ಲಿ ಸಣ್ಣ ಧಾರೆ ಬಿಡು, ಹಿಡಿಕೆ ಮಧ್ಯದಲ್ಲಿರಲಿ, ಬಿಸಿ ತಣ್ಣೀರು ಎರಡೂ ಬರಬೇಕು. ಐಸ್‌ಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿದ ನೀರಿನ ಒತ್ತಡಕ್ಕೇ ಪೈಪ್ ಒಡೆಯೋದು, ನಲ್ಲಿ ತೆರೆದಿದ್ದರೆ ಒತ್ತಡ ಏರಲ್ಲ. ಸಿಂಕ್ ಕೆಳಗಿನ ಬಾಗಿಲು ತೆಗೆದಿಡು, ಅಲ್ಲಿರೋ ಡಿಟರ್ಜೆಂಟ್ ಎಲ್ಲ ಮೇಲಿಡು. ಧಾರೆ ನಿಂತರೆ ಹೆಪ್ಪುಗಟ್ಟಿದೆ ಅಂತ, ತಕ್ಷಣ ಮೈನ್ ವಾಲ್ವ್ ಮುಚ್ಚು, ನಲ್ಲಿ ತೆರೆದೇ ಇರಲಿ. ಒಡೆದದ್ದು ಕರಗೋವಾಗಲೇ ಗೊತ್ತಾಗೋದು. ಕರೆಂಟಿದ್ದರೆ ಹೇರ್ ಡ್ರೈಯರ್‌ನಿಂದ ನಲ್ಲಿ ಕಡೆಯಿಂದ ಹಿಂದಕ್ಕೆ ಕಾಯಿಸು, ಬೆಂಕಿ ಹಿಡಿಯಬೇಡ.

ವಾಲ್ವ್ ಸಾಮಾನ್ಯ ರಸ್ತೆ ಹತ್ತಿರ ಮೀಟರ್ ಬಾಕ್ಸ್‌ನಲ್ಲೇ ಇರುತ್ತೆ. ಮುಚ್ಚಳಕ್ಕೆ ಐಸ್ ಕೂತ ಮೇಲೆ ಏಳಲ್ಲ, ಬೆಳಕಿರೋವಾಗಲೇ ತೆಗೆದು ನೋಡಿ ಇಲ್ಲಿ ಫೋಟೊ ಹಾಕು.