ಒಸಿಐ ದಂಪತಿ, ಭಾರತದಿಂದ ದತ್ತು: ಮಾಡಿದವರು ಅನುಭವ ಹೇಳಿ

ಡಲ್ಲಾಸ್ ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯ ಸಿಎಸ್‌ಐ ಸಭೆಯ ಕ್ರೈಸ್ತರು, ಈಗ ಡಲ್ಲಾಸ್‌ನಲ್ಲಿದ್ದೇವೆ. ಇಬ್ಬರದೂ ಅಮೆರಿಕ ಪಾಸ್‌ಪೋರ್ಟ್, ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದೆ. ಒಬ್ಬ ಮಗ, ಒಂಬತ್ತು ವರ್ಷ. ಇಲ್ಲಿನ ಚರ್ಚ್‌ನಲ್ಲಿ ನವೆಂಬರ್‌ನಲ್ಲಿ ಅನಾಥರ ಭಾನುವಾರ ಅಂತ ಮಾಡುತ್ತಾರೆ. ಅನಾಥರನ್ನು ನೋಡಿಕೊಳ್ಳಿ ಅನ್ನುವ ಬೈಬಲಿನ ವಚನ, ಯಾಕೋಬನ ಪತ್ರಿಕೆ 1:27ರ ಮೇಲೆ ಪ್ರಸಂಗ ಕೇಳಿದಾಗಿನಿಂದ ಊರಿನ ಕಡೆಯ ಒಂದು ಹೆಣ್ಣುಮಗು ತರೋಣ ಅಂತ ಮನಸ್ಸಾಗಿದೆ. ನನಗೆ 44, ಯಜಮಾನರಿಗೆ 47. ಮೂರು ವರ್ಷದೊಳಗಿನ ಮಗು ಸಿಗುತ್ತಾ? ಎಷ್ಟು ಖರ್ಚು? ಊರಲ್ಲಿ ಅತ್ತೆಗೆ ಇಷ್ಟ ಇಲ್ಲ. ನಿಮ್ಮ ಮನೆಗಳಲ್ಲಿ ಹೇಗೆ ಒಪ್ಪಿಸಿದಿರಿ?

ನ್ಯೂಜೆರ್ಸಿ ಕುಡ್ಲ:
ದುಡ್ಡಿನ ಲೆಕ್ಕ ನನ್ನ ಹತ್ತಿರ ಇದೆ, ಕೇಳಿ. ಹೋಂ ಸ್ಟಡಿ (ನಮ್ಮ ಮನೆ, ಸಂಸಾರದ ಪರಿಶೀಲನೆ) 3,200 ಡಾಲರ್. ಏಜೆನ್ಸಿ ಫೀಸು ಕಂತುಗಳಲ್ಲಿ 11,500. ಹೊರದೇಶದ ಮಗು ತರಲು ಅಮೆರಿಕ ಸರ್ಕಾರದ ಅನುಮತಿ ಕೇಳುವ ಐ-800ಎ ಅರ್ಜಿ ಆಗ 775, ಬೆರಳಚ್ಚಿಗೆ ತಲೆಗೆ 85. (2024ರ ಏಪ್ರಿಲ್‌ನಲ್ಲಿ ಅರ್ಜಿ 920 ಆಯಿತು.) ಆ ಅನುಮತಿ ನಡೆಯುವುದು 15 ತಿಂಗಳು ಮಾತ್ರ. ನಮ್ಮ ಫೈಲು ಕೋರ್ಟಿನಲ್ಲಿದ್ದಾಗ ಕೋವಿಡ್ ಬಂತು, ಅವಧಿ ಮುಗಿಯಿತು, ಹೋಂ ಸ್ಟಡಿ ಅಪ್‌ಡೇಟ್ ಅಂತ ಮತ್ತೆ 850 ಕಿತ್ತರು. ಈಗ ಬಿಡಿ, 2022ರ ಸೆಪ್ಟೆಂಬರ್‌ನಿಂದ ಕೋರ್ಟಿನ ಬದಲು ಡಿಸಿಯವರೇ ದತ್ತು ಆದೇಶ ಕೊಡುತ್ತಾರೆ. ಅಪಾಸ್ಟಿಲ್ (ಕಾಗದ ಅಸಲಿ ಅನ್ನುವ ಸರ್ಕಾರಿ ಮೊಹರು) ಕಥೆ ಬೇರೆ. ನಮ್ಮವರು ಮೊದಲು ಒಹಾಯೊದಲ್ಲಿದ್ದರು, ಅಲ್ಲಿನ ಪೊಲೀಸ್ ಪತ್ರಕ್ಕೆ ಒಹಾಯೊದಲ್ಲೇ ಮೊಹರು ಬೀಳಬೇಕು. ಬಿದ್ದು ಬಂದ ಮೇಲೆ ನೋಡಿದರೆ ಹೆಸರಲ್ಲಿ ಒಂದಕ್ಷರ ತಪ್ಪು. ಮತ್ತೆ ಮೊದಲಿಂದ. ಮಕ್ಕಳ ಸಂಸ್ಥೆಗೆ ಕಟ್ಟುವ 5,000 ಡಾಲರ್ ಒಂದರಲ್ಲಿ ಮಾತ್ರ ಗೊಂದಲ ಇರಲಿಲ್ಲ, ರಸೀದಿ ಕೊಟ್ಟರು.

ಮಗ ಬಂದಾಗ ಐದೂವರೆ ವರ್ಷ. ವೈದ್ಯಕೀಯ ವರದಿಯಲ್ಲಿ ಕಿವಿ ಸ್ವಲ್ಪ ಮಂದ ಅಂತ ಬರೆದಿತ್ತು. ಇಲ್ಲಿ ತೋರಿಸಿದರೆ ಎರಡೂ ಕಿವಿ ಹೆಚ್ಚುಕಡಿಮೆ ಕೇಳುವುದೇ ಇಲ್ಲ! ಕಾಕ್ಲಿಯರ್ (ಆಪರೇಷನ್ ಮಾಡಿ ಕಿವಿಗೆ ಹಾಕುವ ಶ್ರವಣ ಸಾಧನ) ಹಾಕಿಸಿದೆವು. ಇನ್ಶೂರೆನ್ಸ್ ಕೊಟ್ಟ ಮೇಲೂ ನಮ್ಮ ಕೈಯಿಂದ 9,400. ಈಗ ಪಾದ್ರಿಗಳ ಪ್ರಸಂಗ ಉದ್ದವಾದರೆ ಸಾಹೇಬರು ಕಿವಿಯ ಮಷಿನ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಆರಾಮಾಗಿ ಕೂರುತ್ತಾರೆ. ದೇವರೇ ಕೊಟ್ಟ ಮಗು, ಯಾರು ಏನೇ ಹೇಳಲಿ.

ಬೆಂಗಳೂರು ಕ್ಯೂ:
ಚೆನ್ನಾಗಿದೆ. ನಾವು ಕೆ.ಆರ್. ಪುರದಲ್ಲಿ ಕೂತು ಕಾಯುತ್ತಲೇ ಇದ್ದೇವೆ. ಬೆಳಿಗ್ಗೆ ಎದ್ದರೆ ಕಾರಾ (ಕೇಂದ್ರದ ದತ್ತು ಪ್ರಾಧಿಕಾರ) ಪೋರ್ಟಲ್, ಅದೇ ಸೀನಿಯಾರಿಟಿ ನಂಬರ್. ಹೋಂ ಸ್ಟಡಿ ಮೂರು ವರ್ಷ ನಡೆಯುತ್ತದೆ, ನಮ್ಮದು ಕಾಯುವುದರಲ್ಲೇ ಮುಗಿದು ಮತ್ತೆ ಮಾಡಿಸಿದೆವು. ಬಂದ ಮೇಡಂ ಫ್ರಿಜ್ ಕೂಡ ತೆಗೆದು ನೋಡಿದರು. ತೊಟ್ಟಿಲು ತಂದಿಟ್ಟಿದ್ದೆವು, ಈಗ ಅದರಲ್ಲಿ ಇಸ್ತ್ರಿ ಬಟ್ಟೆ ಇಡುತ್ತೇವೆ. ನಾವೂ ಕ್ರೈಸ್ತರೇ ರೀ. ನಮಗಾಗಿ ಯಾರೂ ಯಾವ ಭಾನುವಾರವನ್ನೂ ಮಾಡಲಿಲ್ಲ. ಎನ್‌ಆರ್‌ಐಗಳು ನಮ್ಮ ಸಾಲಿನಲ್ಲೇ ಬಂದು ನಿಲ್ಲುತ್ತಾರೆ, ಸಾಲು ಉದ್ದ ಆಗದೆ ಇನ್ನೇನು?

ನ್ಯೂಜೆರ್ಸಿ ಕುಡ್ಲ:
ಸುಮ್ನೆ ತಪ್ಪು ಮಾಹಿತಿ ಹಬ್ಬಿಸಬೇಡಿ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ನಿಮ್ಮ ಸಾಲು, ನಿಜ. ನಮ್ಮಂಥ ಒಸಿಐಗಳಿಗೆ ಸಿಗುವುದು ನೀವೂ ಅವರೂ ತೆಗೆದುಕೊಳ್ಳದೆ ಉಳಿದ ಮಗು. ವಿದೇಶಿಯರಿಗಿಂತ ನಾವು ಮೊದಲು, ಅಷ್ಟೇ. ಐದು ದಾಟಿದವರು, ಅಣ್ಣತಂಗಿ ಜೊತೆಗಿರುವವರು, ಅಂಗವೈಕಲ್ಯ ಇರುವವರು, ಹೊರದೇಶಕ್ಕೆ ಬರುವುದು ಇವರೇ ಜಾಸ್ತಿ. ನನ್ನ ಮಗನ ಪ್ರೊಫೈಲ್ ಊರಿನವರೂ ನೋಡಿದ್ದರು. ಯಾರೂ ಬೇಕು ಅನ್ನಲಿಲ್ಲ.

ಬೆಂಗಳೂರು ಕ್ಯೂ:
ನಾವು ಯಾವ ಮಗುವನ್ನು ಬೇಕು ಅನ್ನಬೇಕು ಅಂತ ನೀವು ಹೇಳಿಕೊಡಬೇಡಿ. ಬಾಡಿಗೆ ಮನೆ, ಒಬ್ಬರ ಸಂಬಳ. ಕಾಕ್ಲಿಯರ್‌ಗೆ ಇಲ್ಲಿ ಎಷ್ಟು ಲಕ್ಷ ಅಂತ ಗೊತ್ತಾ?

ಸುಲಭ ದಾರಿ:
ಇಷ್ಟೆಲ್ಲ ಯಾಕೆ? ಊರಲ್ಲಿ ಬಡ ಸಂಬಂಧಿಕರ ಮಗು ನೋಡಿ ದತ್ತಕ ಪತ್ರ ಬರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ. ನಮ್ಮಣ್ಣ ಹಾಗೇ ಮಾಡಿದ್ದು.

ಹಳೇ ಧಾರವಾಡ:
ನಿಮ್ಮಣ್ಣ ಹಿಂದೂ, ಅವರಿಗೆ 1956ರ ಕಾಯ್ದೆ ಇದೆ. ನಮಗೆ ಅದು ಅನ್ವಯಿಸಲ್ಲ. ಗೊತ್ತಿಲ್ಲದೆ ಸಲಹೆ ಕೊಡಬೇಡಪ್ಪ, ಜನ ಹಾಳಾಗುತ್ತಾರೆ.

1985ರಲ್ಲಿ ನಾವು ಮಗುವನ್ನು ಮನೆಗೆ ತಂದಾಗ ಕ್ರೈಸ್ತರಿಗೆ ದತ್ತು ಕಾನೂನೇ ಇರಲಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಬ್ರಿಟಿಷರ ಕಾಲದ್ದು, ಅದರಡಿ ಪಾಲಕರಾದೆವು. ಸಭೆಯ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನದ ದಿನ ಅಯ್ಯನೋರು ಮಗ ಅಂತಲೇ ಬರೆದರು. ಸರ್ಕಾರ ಬರೆಯಲಿಲ್ಲ. 1991ರಲ್ಲಿ ನನಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತು. ಮಗನ ವೀಸಾ ಕೇಳಿದರೆ, ಮಗ ಅನ್ನುವ ಕಾಗದ ಎಲ್ಲಿ ಅಂದರು. ಹುಡುಗ ತಾಯಿ ಜೊತೆ ಧಾರವಾಡದಲ್ಲೇ ಉಳಿದ, ನಾನು ಅಲ್ಲಿ ಒಬ್ಬನೇ ಬೇಯಿಸಿಕೊಂಡು ತಿಂದೆ. ಬಾಲನ್ಯಾಯ ಕಾಯ್ದೆಯ 2006ರ ತಿದ್ದುಪಡಿಯಲ್ಲಿ ಎಲ್ಲ ಧರ್ಮದವರಿಗೂ ದಾರಿ ಆಯಿತು, ಅಷ್ಟೊತ್ತಿಗೆ ಅವನಿಗೆ 21. ನಮ್ಮಪ್ಪನ ಮನೆಗೆ ಅವನು ವಾರಸುದಾರ ಅಲ್ಲ ಅಂತ ನನ್ನ ತಮ್ಮನೇ ದಾವೆ ಹಾಕಿದ. ವಕೀಲರಿಗೆ ಸುರಿದ ದುಡ್ಡಲ್ಲಿ ಇನ್ನೊಂದು ಮನೆ ಕಟ್ಟಬಹುದಿತ್ತು. ಆ ತಮ್ಮ ಇವತ್ತಿಗೂ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ.

ಬೋರ್ಡಿಂಗ್ ಹುಡುಗ:
ಎಲ್ಲರೂ ತಂದವರ ಕಥೆ ಹೇಳುತ್ತಿದ್ದೀರಿ. ನಾನು ಇನ್ನೊಂದು ಕಡೆಯವನು. ಉತ್ತರ ಕರ್ನಾಟಕದ ಒಂದು ಮಿಶನ್ ಬೋರ್ಡಿಂಗಿನಲ್ಲಿ ಬೆಳೆದೆ. ಹೊರದೇಶದಲ್ಲಿ ನನಗೊಬ್ಬರು ದಾನಿ ಇದ್ದರು. ಕ್ರಿಸ್ಮಸ್‌ಗೆ ಮುಂಚೆ ಹೊಸ ಅಂಗಿ ಹಾಕಿಸಿ ಫೋಟೋ ತೆಗೆಯುತ್ತಿದ್ದರು, ಆಮೇಲೆ ಅಂಗಿ ವಾಪಸ್ ಇಸಿದುಕೊಳ್ಳುತ್ತಿದ್ದರು. ಫೋಟೋ ಹಿಂದೆ ಅನಾಥ ಅಂತ ಬರೆಯುತ್ತಿದ್ದರು. ನಮ್ಮವ್ವ ಬದುಕಿದ್ದಳು. ಸಂತೆಗೆ ಬಂದಾಗ ಗೇಟಿನ ಹತ್ತಿರ ನಿಂತು ಚುರುಮುರಿ ಪೊಟ್ಟಣ ಕೊಟ್ಟು ಹೋಗುತ್ತಿದ್ದಳು. ಅಪ್ಪ ಸತ್ತಿದ್ದ, ಕೂಲಿ ಸಾಲುತ್ತಿರಲಿಲ್ಲ, ಅಷ್ಟೇ. ಯಾಕೋಬನ ಅದೇ ವಚನದಲ್ಲಿ ವಿಧವೆಯರೂ ಇದ್ದಾರೆ. ಅದರ ಮೇಲೆ ಪ್ರಸಂಗ ಯಾರು ಮಾಡುತ್ತಾರೆ?

2010ರ ಭೂಕಂಪ ಆದ ಮೇಲೆ ಹೈಟಿಯಲ್ಲಿ ಅಮೆರಿಕದ ಹತ್ತು ಬ್ಯಾಪ್ಟಿಸ್ಟರು 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಇಥಿಯೋಪಿಯಾ 2018ರಲ್ಲಿ ವಿದೇಶಿ ದತ್ತಿಗೆ ಬಾಗಿಲು ಹಾಕಿತು, ಚೀನಾ 2024ರಲ್ಲಿ. ಅಮೆರಿಕಕ್ಕೆ 2004ರಲ್ಲಿ ಸುಮಾರು 23,000 ಮಕ್ಕಳು ದತ್ತು ಹೋದರು, 2023ರಲ್ಲಿ 1,300 ಕೂಡ ಇಲ್ಲ. ಸುಮ್ನೆ ಇಳಿಯಿತಾ?

ನ್ಯೂಜೆರ್ಸಿ ಕುಡ್ಲ:
ನನ್ನನ್ನು ಮಕ್ಕಳ ಕಳ್ಳಿ ಅಂತಿದ್ದೀರಾ? ನನ್ನ ಮಗನ ತಾಯಿ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಸಹಿ ಹಾಕಿದ್ದಾಳೆ. ಮನಸ್ಸು ಬದಲಾದರೆ ವಾಪಸ್ ಕರೆದುಕೊಂಡು ಹೋಗಲು 60 ದಿನ ಕೊಡುತ್ತಾರೆ. ಅವಳು ಬರಲಿಲ್ಲ.

ಬೋರ್ಡಿಂಗ್ ಹುಡುಗ:
ಬರಲು ಬಸ್ ಚಾರ್ಜ್ ಇತ್ತಾ ಅಂತ ಯಾರಾದರೂ ಕೇಳಿದ್ದರಾ ಅಕ್ಕಾ?

ನ್ಯೂಜೆರ್ಸಿ ಕುಡ್ಲ:
ಹಾಗಂತ ಮಗು ಸಂಸ್ಥೆಯಲ್ಲೇ ಬೆಳೆಯಬೇಕಿತ್ತಾ? ನೀವೇ ಬೋರ್ಡಿಂಗ್ ಹೇಗಿರುತ್ತದೆ ಅಂತ ಈಗ ತಾನೇ ಬರೆದಿರಿ.

ಹಳೇ ಧಾರವಾಡ:
ಇಬ್ಬರೂ ಸ್ವಲ್ಪ ತಡೆಯಿರಿ. ಸಂಸ್ಥೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮದರ್ ತೆರೇಸಾ ಅವರ ಸಿಸ್ಟರುಗಳು ಎಷ್ಟು ಮಕ್ಕಳಿಗೆ ಮನೆ ಹುಡುಕಿಕೊಟ್ಟರು!

ಬೆಂಗಳೂರು ಕ್ಯೂ:
ಅವರೇ 2015ರಲ್ಲಿ ದತ್ತು ಕೆಲಸ ಬಿಟ್ಟರಲ್ಲ ಅಂಕಲ್. ಒಂಟಿ ಹೆಣ್ಣುಮಗಳಿಗೆ ಮಗು ಕೊಡಬೇಕಾಗುತ್ತದೆ ಅಂತ. ನನ್ನ ತಂಗಿ ಮದುವೆ ಆಗದೆ ಒಬ್ಬಳನ್ನು ಸಾಕುತ್ತಿದ್ದಾಳೆ. ಆ ಮಗುವಿಗೆ ಏನು ಕಡಿಮೆ ಆಗಿದೆ?

ಹಳೇ ಧಾರವಾಡ:
ಅದು ಅವರ ನಂಬಿಕೆ. ಬಲವಂತ ಮಾಡಿದ್ದು ಸರ್ಕಾರ.

ಬೆಂಗಳೂರು ಕ್ಯೂ:
ನಂಬಿಕೆಗೆ ಬಾಗಿಲು ಮುಚ್ಚಿದ್ದು ಮಕ್ಕಳಿಗಲ್ವಾ? ಹೋಗಲಿ. ಡಲ್ಲಾಸ್ ಅಕ್ಕಾ, ನೀವು ಹುಷಾರಾಗಿರಿ. ನಿಮ್ಮಿಬ್ಬರ ವಯಸ್ಸು ಕೂಡಿಸಿದರೆ 91. 2022ರ ನಿಯಮದಲ್ಲಿ ಎರಡು ವರ್ಷದೊಳಗಿನ ಮಗುವಿಗೆ 85 ಮೀರಬಾರದು, ಎರಡರಿಂದ ನಾಲ್ಕಕ್ಕೆ 90. ನಿಮಗೆ ಸಿಗುವುದು ನಾಲ್ಕು ದಾಟಿದ ಮಗು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ? ಬರೀ ಬಿಲ್ ಓದಿದರು.

ಡಲ್ಲಾಸ್ ಹುಬ್ಬಳ್ಳಿ:
ಅಯ್ಯೋ, ಒಂದೇ ವರ್ಷದಲ್ಲಿ ತಪ್ಪಿತು. ಎಲ್ಲರಿಗೂ ಥ್ಯಾಂಕ್ಸ್. ಅತ್ತೆಯ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಹಳೇ ಧಾರವಾಡ:
ಆಸ್ತಿ ಅತ್ತೆ ಹೆಸರಲ್ಲಿದೆಯಾ, ಮಾವನ ಹೆಸರಲ್ಲಿದೆಯಾ? ಮೊದಲು ಅದನ್ನು ಹೇಳಮ್ಮ.