ಫೈರ್‌ವಾಲ್ ಕೊಡುವ 403 ಪುಟದಲ್ಲಿ ಸರ್ವರ್ ಹೆಸರು ಕಾಣದಂತೆ ಮಾಡುವುದು ಹೇಗೆ?

ಪ್ರಶ್ನೆ:
ನಮ್ಮ ಸೈಟಿನ ಮುಂದೆ ಎಂಜಿನ್‌ಎಕ್ಸ್ (ವಿನಂತಿಗಳನ್ನು ಮೊದಲು ಪಡೆಯುವ ವೆಬ್ ಸರ್ವರ್), ಅದರಲ್ಲೇ ಮಾಡ್‌ಸೆಕ್ಯುರಿಟಿ (ಅಪಾಯದ ವಿನಂತಿ ತಡೆಯುವ ಫೈರ್‌ವಾಲ್), ಹಿಂದೆ ಟಾಮ್‌ಕ್ಯಾಟ್ (ಜಾವಾ ಆ್ಯಪ್ ನಡೆಸುವ ಸರ್ವರ್). ‘ಸರ್ವರ್ ಟೋಕನ್ಸ್’ ಆಫ್ ಮಾಡಿದೆ, ವರ್ಷನ್ ನಂಬರ್ ಹೋಯಿತು. ಆದರೂ ಫೈರ್‌ವಾಲ್ ತಡೆದಾಗ ಬರುವ 403 (ಪ್ರವೇಶವಿಲ್ಲ) ಪುಟದ ಅಡಿಯಲ್ಲಿ ಎಂಜಿನ್‌ಎಕ್ಸ್ ಹೆಸರು ಹಾಗೇ ಇದೆ. ಒಳಗೆ ಏನಾದರೂ ಕೆಟ್ಟರೆ ಟಾಮ್‌ಕ್ಯಾಟ್ ವರ್ಷನ್ ಸಮೇತ 500 (ಸರ್ವರ್ ದೋಷ) ಪುಟ ಕೊಡುತ್ತದೆ. ಎಲ್ಲಕ್ಕೂ 200 (ಎಲ್ಲ ಸರಿ) ಕೋಡ್ ಹಾಕಿ ಒಂದೇ ಸಾದಾ ಪುಟ ತೋರಿಸಿದರೆ ಸಾಕೇ?

ಉತ್ತರ 1:
ಪುಟ ಒಂದೇ ಇರಲಿ, 200 ಮಾತ್ರ ದಯವಿಟ್ಟು ಬೇಡ. ಸೈಟ್ ಬಿದ್ದಿದ್ದರೂ ಮಾನಿಟರಿಂಗ್‌ಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ, ಸರ್ಚ್ ಎಂಜಿನ್‌ಗಳು ಎರರ್ ಪುಟವನ್ನೇ ಇಂಡೆಕ್ಸ್ ಮಾಡಿಕೊಳ್ಳುತ್ತವೆ. ಮರೆಮಾಡಬೇಕಾದ್ದು ಹೆಸರನ್ನು, ತಪ್ಪಾಗಿದೆ ಅನ್ನುವುದನ್ನಲ್ಲ.

ಎಂಜಿನ್‌ಎಕ್ಸ್ ಸೆಟ್ಟಿಂಗ್‌ನ ‘ಎರರ್ ಪೇಜ್’ ಸಾಲಿನಲ್ಲಿ 403, 404, 500, 502, 503, 504 ಎಲ್ಲಕ್ಕೂ ನಿಮ್ಮದೇ ಪುಟ ಕೊಡಿ. ಟಾಮ್‌ಕ್ಯಾಟ್‌ನಿಂದ ಬರುವ ಎರರ್‌ಗಳಿಗೂ ಅದೇ ಪುಟ ಬರಬೇಕಾದರೆ ‘ಪ್ರಾಕ್ಸಿ ಇಂಟರ್‌ಸೆಪ್ಟ್ ಎರರ್ಸ್’ ಆನ್ ಆಗಿರಬೇಕು. ಹೆಡರ್‌ನಲ್ಲಿ (ಪುಟದ ಜೊತೆ ಹೋಗುವ ಮಾಹಿತಿ ಸಾಲುಗಳಲ್ಲಿ) ಉಳಿಯುವ ಹೆಸರಿಗೆ ಹೆಡರ್ಸ್-ಮೋರ್ ಮಾಡ್ಯೂಲ್ ಹಾಕಿ.

ಬಹಳ ಜನ ಮರೆಯುವ ಜಾಗ ಇನ್ನೊಂದಿದೆ. ವಿನಂತಿಯೇ ಕೆಟ್ಟಿದ್ದರೆ, ಅಥವಾ ಯುಆರ್‌ಎಲ್ ಅತಿ ಉದ್ದವಿದ್ದರೆ, ಯಾವ ಸೈಟ್ ಬೇಕೆಂದು ಹೇಳುವ ಹೋಸ್ಟ್ ಹೆಡರ್ ಓದುವ ಮೊದಲೇ ಎಂಜಿನ್‌ಎಕ್ಸ್ 400 ಇಲ್ಲವೇ 414 ಕೊಟ್ಟುಬಿಡುತ್ತದೆ. ಆ ಉತ್ತರ ಸಾಮಾನ್ಯವಾಗಿ ಹೋಗುವುದು ಆ ಪೋರ್ಟಿನ ಡೀಫಾಲ್ಟ್ ಸರ್ವರ್ ಬ್ಲಾಕ್‌ನಿಂದ (ಯಾವ ಸೈಟ್ ಎಂದು ಗೊತ್ತಾಗದಾಗ ಬಳಕೆಯಾಗುವ ಸೆಟ್ಟಿಂಗ್ ಭಾಗ). ನಿಮ್ಮ ಸೈಟಿನ ಬ್ಲಾಕ್‌ನಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ಆ ಎರಡೂ ಕೋಡ್‌ಗಳನ್ನು ಡೀಫಾಲ್ಟ್ ಬ್ಲಾಕ್‌ನಲ್ಲೂ ಸೇರಿಸಿ.

ಉತ್ತರ 2:
ಕುಕಿಯ ಹೆಸರು ‘ಜೆಸೆಷನ್‌ಐಡಿ’ ಅಂತಿದ್ದರೆ ಹಿಂದೆ ಜಾವಾ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅದನ್ನೂ ಬದಲಿಸಿ. ಹೆಡರ್‌ಗಳ ಕ್ರಮ ನೋಡಿಯೇ ಸರ್ವರ್ ಗುರುತಿಸುವ ಟೂಲ್‌ಗಳಿವೆ. ಹಾಗಾಗಿ ಇಷ್ಟೆಲ್ಲ ಮಾಡಿದರೂ ಪ್ಯಾಚ್ (ಭದ್ರತಾ ತಿದ್ದುಪಡಿ) ಹಾಕುವುದನ್ನು ಮುಂದೂಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಒಂದು ತೊಡಕು: ಇಂಟರ್‌ಸೆಪ್ಟ್ ಆನ್ ಮಾಡಿದ ಮೇಲೆ ನಮ್ಮ ಎಪಿಐ (ಆ್ಯಪ್‌ಗಳಿಗೆ ಡೇಟಾ ಕೊಡುವ ಭಾಗ) ಕೊಡುತ್ತಿದ್ದ 404ರ ಜೇಸನ್ (ಪ್ರೋಗ್ರಾಂಗಳು ಓದುವ ಡೇಟಾ ರೂಪ) ಉತ್ತರ ಮಾಯವಾಗಿ ಎಚ್‌ಟಿಎಂಎಲ್ ಪುಟ ಬರುತ್ತಿದೆ. ಮೊಬೈಲ್ ಆ್ಯಪ್‌ನವರಿಗೆ ಅದನ್ನು ಓದಲು ಬರುವುದಿಲ್ಲ.

ಉತ್ತರ 1:
ಎಪಿಐ ಲೊಕೇಷನ್‌ಗೆ (ಎಪಿಐ ವಿಳಾಸಗಳ ಸೆಟ್ಟಿಂಗ್ ಭಾಗಕ್ಕೆ) ಮಾತ್ರ ಇಂಟರ್‌ಸೆಪ್ಟ್ ಆಫ್ ಮಾಡಿ, ಅಲ್ಲಿ ಟಾಮ್‌ಕ್ಯಾಟ್‌ನ ಬಾಯಿಯನ್ನೇ ಕಟ್ಟಿ: ಅದರ ಎರರ್ ಪುಟ ತಯಾರಿಸುವ ‘ಎರರ್ ರಿಪೋರ್ಟ್ ವಾಲ್ವ್’ನಲ್ಲಿ ‘ಶೋ ಸರ್ವರ್ ಇನ್ಫೋ’, ‘ಶೋ ರಿಪೋರ್ಟ್’ ಎರಡನ್ನೂ ಫಾಲ್ಸ್ ಮಾಡಿ. ಫೈರ್‌ವಾಲ್ ತಡೆದಾಗಿನ 403ಗೆ ಅದೇ ಲೊಕೇಷನ್‌ನಲ್ಲಿ ಪುಟ್ಟ ಜೇಸನ್ ಉತ್ತರ ಕೊಡಿ. ಯಾವ ರೂಲ್ ತಡೆಯಿತು ಅಂತ ಅದರಲ್ಲಿ ಬರೆಯಬೇಡಿ. ರಿಕ್ವೆಸ್ಟ್ ಐಡಿ (ಆ ವಿನಂತಿಯ ಗುರುತಿನ ಸಂಖ್ಯೆ) ಇದ್ದರೆ ಸಾಕು, ಅದನ್ನು ಹಿಡಿದು ನೀವು ಲಾಗ್‌ನಲ್ಲಿ ಹುಡುಕಬಹುದು. ನಿಜವಾದ ಬಳಕೆದಾರರು ತಪ್ಪಾಗಿ ತಡೆಗೆ ಸಿಕ್ಕಿಕೊಂಡಾಗ ಅವರ ಕೈಯಲ್ಲಿರುವ ಒಂದೇ ಸುಳಿವು ಅದು.