ನೂರು ದಾಟಿದ ಹಳ್ಳಿಶಾಲೆಗೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನ ಸಲ್ಲುತ್ತದೆಯೇ?

ಪ್ರಶ್ನೆ: ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಬರೆಯಬೇಕೆಂಬ ಆಸೆಯಿದೆ. ಬರೆದ ಮೇಲೆ ಅಳಿಸಿಹಾಕುವುದಕ್ಕಿಂತ ಮೊದಲೇ ತಿಳಿದವರನ್ನು ಕೇಳುವುದು ಮೇಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ ಎಂಬುದನ್ನೂ ಆರಂಭದಲ್ಲಿಯೇ ತಿಳಿಸುತ್ತೇನೆ.

ಶಾಲೆ ಮೊದಲು ದೇವಸ್ಥಾನದ ಜಗಲಿಯಲ್ಲಿ ಕೂಲಿಮಠವಾಗಿ (ಊರವರೇ ನಡೆಸುತ್ತಿದ್ದ ಹಳೆಯ ಕಾಲದ ಖಾಸಗಿ ಪಾಠಶಾಲೆಯಾಗಿ) ನಡೆಯುತ್ತಿತ್ತು, ಅನಂತರ ಸರ್ಕಾರ ಅದನ್ನು ವಹಿಸಿಕೊಂಡಿತು ಎಂದು ಹಿರಿಯರು ಹೇಳುತ್ತಾರೆ. ದಪ್ಪನೆಯ ಮಣ್ಣಿನ ಗೋಡೆ, ಮರದ ಕಂಬ, ಮಂಗಳೂರು ಹೆಂಚಿನ ಹಳೆಯ ಕೊಠಡಿಗಳು ಈಗಲೂ ಇವೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಕೆಳಗಿಳಿಸಿದ ಒಂದರ ಒಳಮೈಯಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಉಬ್ಬಚ್ಚಿನಲ್ಲಿದ್ದವು. ಅಂದಿನಿಂದ ಶಾಲೆ ಆ ವರ್ಷದ್ದೇ ಎಂದು ಊರಿನಲ್ಲಿ ಮಾತು ನಿಂತುಬಿಟ್ಟಿದೆ.

ನನ್ನ ಬಳಿ ಇರುವ ಆಧಾರಗಳೆಂದರೆ ಮೊದಲ ಹಾಳೆಗಳು ಕಳೆದುಹೋಗಿರುವ ದಾಖಲಾತಿ ರಿಜಿಸ್ಟರ್, ಶತಮಾನೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳು ತಂದ ಸ್ಮರಣ ಸಂಚಿಕೆ, ಆ ಸಮಾರಂಭದ ಬಗ್ಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ, ಮತ್ತು ಸರ್ಕಾರ ಶಾಲೆಗೆ ಕೊಟ್ಟಿರುವ ಯುಡೈಸ್ ಗುರುತಿನ ಸಂಖ್ಯೆ. ಇಲ್ಲಿ ಓದಿದವರೊಬ್ಬರು ಮುಂದೆ ಶಾಸಕರೂ ಆದರು. ಈಗ ಮಕ್ಕಳ ಸಂಖ್ಯೆ ಇಳಿದು, ಪಕ್ಕದ ಶಾಲೆಯೊಂದಿಗೆ ವಿಲೀನ ಮಾಡುವ ಮಾತು ಕೇಳಿಬರುತ್ತಿದೆ. ಬಾಗಿಲು ಮುಚ್ಚುವ ಮೊದಲು ಇದರ ಚರಿತ್ರೆ ಎಲ್ಲರೂ ಓದುವ ಕಡೆ ದಾಖಲಾಗಲೆಂಬುದು ನನ್ನ ಇಚ್ಛೆ. ಇಷ್ಟು ಸಾಮಗ್ರಿ ಸಾಕೇ?

ಉತ್ತರ: ವಿಕಿಪೀಡಿಯ ಸಂಪಾದಕ, ಹಾಸನ

ಮೇಡಂ, ತಮ್ಮ ಸಂಬಂಧವನ್ನು ಮೊದಲೇ ತಿಳಿಸಿದ್ದು ಬಹಳ ಒಳ್ಳೆಯದಾಯಿತು. ಈಗ ತಾವು ಹೇಳಿದ ಸಾಮಗ್ರಿಯಷ್ಟರಿಂದಲೇ ತೀರ್ಮಾನಿಸುವುದಾದರೆ ಪ್ರತ್ಯೇಕ ಲೇಖನ ನಿಲ್ಲುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗಮನಾರ್ಹತೆಯ ಪ್ರಶ್ನೆಯಲ್ಲಿ ನೋಡುವುದು ಶಾಲೆಯ ವಯಸ್ಸನ್ನಲ್ಲ. ಶಾಲೆಗೆ ಸಂಬಂಧವಿಲ್ಲದ, ನಂಬಲರ್ಹವಾದ ಪ್ರಕಟಿತ ಬರಹಗಳು ಅದನ್ನು ಕುರಿತು ಸಾಕಷ್ಟು ವಿಸ್ತಾರವಾಗಿ ಬರೆದಿವೆಯೇ ಎಂಬುದೇ ಮುಖ್ಯ. ದಾಖಲಾತಿ ರಿಜಿಸ್ಟರ್ ಎಷ್ಟೇ ಅಮೂಲ್ಯವಾಗಿದ್ದರೂ ಪ್ರಕಟವಾಗದ ಮೂಲ ದಾಖಲೆ. ಅದನ್ನು ಓದಿ ನಾವೇ ತೀರ್ಮಾನಕ್ಕೆ ಬಂದರೆ ಅದು ಸ್ವಂತ ಸಂಶೋಧನೆಯಾಗುತ್ತದೆ, ವಿಶ್ವಕೋಶದಲ್ಲಿ ಅದಕ್ಕೆ ಅವಕಾಶವಿಲ್ಲ. ಸ್ಮರಣ ಸಂಚಿಕೆ ಶಾಲೆಯ ಬಳಗದವರೇ ತಂದದ್ದಾದ್ದರಿಂದ, ವಿವಾದವಿಲ್ಲದ ಸಣ್ಣ ವಿವರಗಳಿಗೆ ಬಳಸಬಹುದೇ ಹೊರತು ಗಮನಾರ್ಹತೆಗೆ ಸಾಕ್ಷಿಯಾಗದು. ಹನ್ನೊಂದು ಅಂಕಿಗಳ ಯುಡೈಸ್ ಸಂಖ್ಯೆ ದೇಶದ ಎಲ್ಲ ಶಾಲೆಗಳಿಗೂ ಇರುತ್ತದೆ. ಶಾಲೆ ಇದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಶಾಸಕರ ವಿಷಯವೂ ಹಾಗೆಯೇ: ಓದಿದವರ ಕೀರ್ತಿ ಶಾಲೆಗೆ ತಾನಾಗಿ ಬರುವುದಿಲ್ಲ, ಆ ವಿವರ ಅವರ ಲೇಖನದಲ್ಲಿ ಬರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2017ರಲ್ಲಿ ನಡೆದ ದೀರ್ಘ ಚರ್ಚೆಯ ಬಳಿಕ, ಪ್ರೌಢಶಾಲೆಗಳನ್ನು ಸಹ ಅಸ್ತಿತ್ವದಲ್ಲಿವೆ ಎಂಬ ಒಂದೇ ಕಾರಣಕ್ಕೆ ಗಮನಾರ್ಹವೆಂದು ಭಾವಿಸಬಾರದೆಂಬ ನಿಲುವಿಗೆ ಬರಲಾಯಿತು. ಕನ್ನಡದ ಸಮುದಾಯ ಅದನ್ನು ಅಕ್ಷರಶಃ ಪಾಲಿಸಬೇಕಾಗಿಲ್ಲವಾದರೂ ತತ್ತ್ವ ಸರಿಯಾದದ್ದು.

ಅಂತರ್ಜಾಲದಲ್ಲಿ ಜಾಗಕ್ಕೇನು ಬರವೆಂದು ಕೆಲವರು ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಿಗೆ ಪುಟಗಳ ಮಿತಿಯಿತ್ತು, ನಮಗಿಲ್ಲ ಎಂಬುದು ನಿಜ. ಆದರೆ ಓದುಗ ಒಂದು ವಾಕ್ಯವನ್ನು ಅನುಮಾನಿಸಿದಾಗ ಪರಿಶೀಲಿಸಲು ಹೊರಗಿನ ಆಧಾರವಿರಬೇಕೆಂಬ ಮಿತಿ ನಮಗೂ ಇದೆ, ಅದನ್ನು ಸಡಿಲಿಸುವಂತಿಲ್ಲ.

ಹೆಂಚಿನ ಅಂಕಿಯ ಬಗ್ಗೆ ದಯವಿಟ್ಟು ಎಚ್ಚರ ವಹಿಸಿ. 1865 ಎಂಬುದು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ, ಮುಂದೆ ದಶಕಗಳ ಕಾಲ ಅಲ್ಲಿ ಹೆಂಚು ತಯಾರಾಗಿದೆ. ಕಾರ್ಖಾನೆ ಸ್ಥಾಪನೆಯಾದ ವರ್ಷವನ್ನು ಹೆಂಚಿನ ಮೇಲೆ ಒತ್ತುವುದು ಮಂಗಳೂರಿನ ಬೇರೆ ಕಾರ್ಖಾನೆಗಳಲ್ಲೂ ಇದ್ದ ರೂಢಿ. ಮೇಲಾಗಿ ಮಲೆನಾಡಿನಲ್ಲಿ ಒಂದು ಕಟ್ಟಡ ಕೆಡವಿದಾಗ ಗಟ್ಟಿ ಹೆಂಚನ್ನು ಇನ್ನೊಂದಕ್ಕೆ ಹೊದಿಸುವುದು ಸಾಮಾನ್ಯ. ಹೆಂಚಿನಿಂದ ಕಟ್ಟಡದ ವರ್ಷವೇ ನಿರ್ಧಾರವಾಗುವುದಿಲ್ಲ. ಶಾಲೆಯ ವರ್ಷವಂತೂ ದೂರ ಉಳಿಯಿತು.

ಉತ್ತರ: ಹಳೆಯ ದಾಖಲೆಗಳ ಆಸಕ್ತ, ಸಕಲೇಶಪುರ

ಮೇಲಿನವರು ಹೇಳಿದ ನಿಯಮಕ್ಕೆ ನನ್ನ ತಕರಾರಿಲ್ಲ. ಆದರೆ ಕೈಯಲ್ಲಿರುವ ಸಾಮಗ್ರಿಯನ್ನಷ್ಟೇ ನೋಡಿ ತೀರ್ಪು ಕೊಡುವುದು ಅವಸರವಾಯಿತು. ನಮ್ಮ ಭಾಗದ ಆಧಾರಗಳು ಗೂಗಲ್‌ನಲ್ಲಿ ಸಿಗದಿದ್ದರೆ ಅವು ಇಲ್ಲವೆಂದು ಅರ್ಥವಲ್ಲ. ಮುದ್ರಿತ ಪುಸ್ತಕವೂ ಅಷ್ಟೇ ಯೋಗ್ಯವಾದ ಆಧಾರ, ಪುಟಸಂಖ್ಯೆ ಸರಿಯಾಗಿ ಕೊಟ್ಟರೆ ಸಾಕು.

ಹುಡುಕುವಾಗ ಹೆಸರುಗಳು ದಾರಿ ತಪ್ಪಿಸುತ್ತವೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು; ಆದ್ದರಿಂದ ಹಳೆಯ ವರದಿಗಳಲ್ಲಿ ತಮ್ಮ ಶಾಲೆಯನ್ನು ಕಡೂರಿನ ಕೆಳಗೆ ಹುಡುಕಬೇಕು. ನಮ್ಮ ಸಕಲೇಶಪುರದ ತಾಲ್ಲೂಕು ಕೂಡ ಹಳೆಯ ದಾಖಲೆಗಳಲ್ಲಿ ಮಂಜರಾಬಾದ್ ಎಂದೇ ಇದೆ. ಊರಿನ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ನಾಲ್ಕಾರು ಕಾಗುಣಿತಗಳನ್ನು ಪ್ರಯತ್ನಿಸಿ ನೋಡಬೇಕು.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ 1857ರಲ್ಲಿ ಆರಂಭವಾಯಿತು. ಹೋಬಳಿಗೊಂದು ಶಾಲೆ ಎಂಬ, ಆ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ ಅವರ ಯೋಜನೆ ಬಂದದ್ದು 1868ರಲ್ಲಿ. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿದ ಕಾಯಿದೆ 1913ರದು. ಕೂಲಿಮಠ ಯಾವಾಗ ಸರ್ಕಾರಿ ಶಾಲೆಯಾಯಿತು ಎಂಬುದನ್ನು ಹುಡುಕುವಾಗ ಈ ಘಟ್ಟಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೂಲಿಮಠ ಆರಂಭವಾದ ವರ್ಷ, ಸರ್ಕಾರ ವಹಿಸಿಕೊಂಡ ವರ್ಷ, ಈಗಿನ ಕಟ್ಟಡ ಎದ್ದ ವರ್ಷ ಈ ಮೂರೂ ಬೇರೆ ಬೇರೆ ಆಗಿರುವ ಸಾಧ್ಯತೆಯೇ ಹೆಚ್ಚು, ಮತ್ತು ಸ್ಮರಣ ಸಂಚಿಕೆಗಳು ಬಹಳ ಸಲ ಇವುಗಳಲ್ಲಿ ಅತ್ಯಂತ ಹಳೆಯದನ್ನೇ ಹಿಡಿದುಕೊಳ್ಳುತ್ತವೆ.

ಇಲಾಖೆಯ ವಾರ್ಷಿಕ ವರದಿಗಳು, ರೈಸ್ ಅವರ ಗೆಜೆಟಿಯರ್ (ಪ್ರದೇಶದ ವಿವರಗಳ ಸರ್ಕಾರಿ ಗ್ರಂಥ), 1927ರಿಂದ 1930ರ ನಡುವೆ ಬಂದ ಹಯವದನ ರಾವ್ ಅವರ ಮೈಸೂರು ಗೆಜೆಟಿಯರ್, 1981ರ ಚಿಕ್ಕಮಗಳೂರು ಜಿಲ್ಲಾ ಗೆಜೆಟಿಯರ್ ಇವುಗಳನ್ನು ನೋಡದೆ ಇಲ್ಲ ಎನ್ನಬಾರದು. ಶಿಕ್ಷಣದ ಅಧ್ಯಾಯದಲ್ಲಿ ಶಾಲೆಯ ಬಗ್ಗೆ ಒಂದು ಪ್ಯಾರಾ ಸಿಕ್ಕರೂ ಅದಕ್ಕೆ ತೂಕವಿದೆ. ಕೋಷ್ಟಕದಲ್ಲಿ ಹೆಸರು ಮಾತ್ರ ಸಿಕ್ಕರೆ, ಅದು ವರ್ಷವನ್ನು ದೃಢಪಡಿಸಲು ಒದಗುತ್ತದೆ, ಗಮನಾರ್ಹತೆಗೆ ಸಾಲದು.

ಪ್ರತಿಕ್ರಿಯೆ: ಶಿಕ್ಷಕಿ, ಮೂಡಿಗೆರೆ ತಾಲ್ಲೂಕು

ಇಬ್ಬರಿಗೂ ಕೃತಜ್ಞತೆಗಳು. ಕಡೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕೆಂಬುದು ನನಗೆ ಹೊಳೆದಿರಲಿಲ್ಲ. ಗೆಜೆಟಿಯರ್‌ಗಳಲ್ಲಿಯೂ ಕೋಷ್ಟಕದ ಒಂದು ಸಾಲಿಗಿಂತ ಹೆಚ್ಚು ಸಿಗದಿದ್ದರೆ ಇಷ್ಟೆಲ್ಲ ವಿವರವನ್ನು ಎಲ್ಲಿ ಇಡಬೇಕು? ವಿಲೀನದ ಸಂಗತಿಯನ್ನು ಬರೆಯಬಹುದೇ?

ಉತ್ತರ: ಗ್ರಂಥಾಲಯ ಸಿಬ್ಬಂದಿ, ಚಿಕ್ಕಮಗಳೂರು

ಊರಿನ ಲೇಖನದಲ್ಲಿ ಇಡಿ. ನಮ್ಮ ಹಳ್ಳಿಗಳ ಬಗ್ಗೆ ಇರುವ ಬಹುಪಾಲು ಲೇಖನಗಳು ಜನಗಣತಿಯ ಅಂಕಿಗಳನ್ನು ದಾಟಿ ಮುಂದೆ ಹೋಗಿಲ್ಲ. ಅಂಥ ಲೇಖನಕ್ಕೆ ಶಿಕ್ಷಣ ಎಂಬ ವಿಭಾಗ ಸೇರಿಸಿ, ಆಧಾರ ಸಹಿತ ಮೂರು ಪ್ಯಾರಾ ಬರೆದರೆ, ಯಾರೂ ಓದದೆ ಅಳಿಸುವಿಕೆಯ ಫಲಕ ಹೊತ್ತು ನಿಲ್ಲುವ ಒಂಟಿ ಲೇಖನಕ್ಕಿಂತ ಹೆಚ್ಚು ಜನರಿಗೆ ತಲುಪುತ್ತದೆ. ಶಾಲೆಯ ಹೆಸರನ್ನು ಹುಡುಕಿದವರು ಆ ವಿಭಾಗಕ್ಕೆ ಬರುವಂತೆ ಪುನರ್ನಿರ್ದೇಶನ ಮಾಡಬಹುದು. ಮುಂದೆ ಒಳ್ಳೆಯ ಆಧಾರ ದೊರೆತರೆ ಪ್ರತ್ಯೇಕ ಲೇಖನವಾಗಿ ಬೇರ್ಪಡಿಸಲು ಯಾವ ಅಡ್ಡಿಯೂ ಇಲ್ಲ.

ಬರೆಯುವಾಗ, ಶಾಲೆ 1865ರಲ್ಲಿ ಸ್ಥಾಪನೆಯಾಯಿತು ಎಂಬ ವಾಕ್ಯ ಬೇಡ. ಸ್ಮರಣ ಸಂಚಿಕೆಯ ಪ್ರಕಾರ ಶಾಲೆ ದೇವಸ್ಥಾನದ ಜಗಲಿಯಲ್ಲಿ ಕೂಲಿಮಠವಾಗಿ ಆರಂಭವಾಯಿತು ಎಂದು, ಮಾತು ಯಾರದೆಂಬುದು ಸ್ಪಷ್ಟವಾಗುವಂತೆ ಬರೆಯಿರಿ. ವಿಲೀನದ ಆದೇಶ ಹೊರಬಿದ್ದು ಪತ್ರಿಕೆಯಲ್ಲಿ ವರದಿಯಾದರೆ ಒಂದು ವಾಕ್ಯ ಸೇರಿಸಬಹುದು. ಈಗಿನ ಮಾತುಕತೆಯನ್ನು ಸೇರಿಸಬಾರದು. ಶಾಲೆಯನ್ನು ಉಳಿಸಿಕೊಳ್ಳುವ ಮನವಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ನಡೆಯಬೇಕಾದ ಕೆಲಸ. ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ನಾನೂ ಇಂಥದೇ ಶಾಲೆಯಲ್ಲಿ ಅಕ್ಷರ ಕಲಿತವನು. ಆದರೆ ಮನವಿಯ ಧಾಟಿ ಬಂದೊಡನೆ ಓದುಗ ಉಳಿದ ಸತ್ಯಾಂಶಗಳನ್ನೂ ಅನುಮಾನಿಸತೊಡಗುತ್ತಾನೆ.

ಕಟ್ಟಡದ ಚಿತ್ರಗಳನ್ನು ತಾವೇ ತೆಗೆದು, ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಿ. ಅದಕ್ಕೆ ಗಮನಾರ್ಹತೆಯ ಕಟ್ಟುಪಾಡು ಇಷ್ಟಿಲ್ಲ. ಜಗಲಿ, ಕಂಬ, ಹೆಂಚಿನ ಒಳಮೈಯ ಅಚ್ಚು ಎಲ್ಲವೂ ಬರಲಿ, ಮಕ್ಕಳ ಮುಖ ಕಾಣದಂತೆ ನೋಡಿಕೊಳ್ಳಿ. ವಿಕಿಪೀಡಿಯದ ಸೋದರ ಯೋಜನೆಯಾದ ವಿಕಿಡೇಟಾ ಎಂಬ ದತ್ತಸಂಚಯದಲ್ಲಿಯೂ ಶಾಲೆಗೊಂದು ನಮೂದು ಮಾಡಬಹುದು, ಅಲ್ಲಿ ಯುಡೈಸ್ ಸಂಖ್ಯೆ ಸಾರ್ಥಕವಾಗುತ್ತದೆ. ರಿಜಿಸ್ಟರ್‌ನ ಪುಟಗಳನ್ನು ಮಾತ್ರ ಎಲ್ಲಿಯೂ ಹಾಕಬೇಡಿ, ಅದರಲ್ಲಿ ಮಕ್ಕಳ ಜಾತಿ, ಜನ್ಮದಿನ, ತಂದೆಯ ಹೆಸರು ಇರುತ್ತವೆ. ವಿಲೀನವಾದರೆ ಆ ರಿಜಿಸ್ಟರ್ ಯಾವ ಶಾಲೆಯ ಕಪಾಟಿಗೆ ಹೋಗುತ್ತದೆ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ಈಗಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕಟ್ಟಿನ ದಾರ ಸಡಿಲವಾಗಿದ್ದರೆ ಗಟ್ಟಿ ಬಟ್ಟೆಯಲ್ಲಿ ಸುತ್ತಿಡಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಹಳೆಯ ಕಾಗದ ಬಹಳ ಬೇಗ ಬಲಿಯಾಗುತ್ತದೆ.